ಹೊತ್ತು ಕಾಣೆಯಾಗುತ್ತಾ?

ಆಸ್ಪತ್ರೆಗೆ ಹೋಗುವಾಗ ಅಕ್ಕನ ಫೈಲು ಹಿಡಿದುಕೊಳ್ಳುವುದು ನನ್ನ ಕೆಲಸ. ಹನ್ನೊಂದು ವರ್ಷಕ್ಕೂ ಮೀರಿ ಹಿಡಿದುಕೊಂಡಿದ್ದೇನೆ. ಶುರುವಿನಲ್ಲಿ ಅದು ನಾಲ್ಕು ಹಾಳೆಯ ತೆಳ್ಳಗಿನ ಪ್ಲಾಸ್ಟಿಕ್ ಕವರ್. ಈಗ ರಬ್ಬರ್ ಬ್ಯಾಂಡ್ ಹಾಕಿದರೂ ಬಾಯಿ ಬಿಡುವ ದಪ್ಪ ಕಟ್ಟು. ಸರದಿ ಬರುವ ತನಕ ಮಾಡಲು ಬೇರೆ ಏನೂ ಇರುವುದಿಲ್ಲವಲ್ಲ, ಅದನ್ನೇ ತಿರುವಿಹಾಕುತ್ತಾ ಕೂತಿರುತ್ತಿದ್ದೆ. ಯಾವ ಪುಟದಲ್ಲಿ ಯಾರ ಅಕ್ಷರ ಇದೆ ಅಂತ ಈಗ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ.

ಮೊದಲ ಪುಟದಲ್ಲಿ ಖಿನ್ನತೆ. ಒಂದೂವರೆ ವರ್ಷದ ಮೇಲೆ ಅದರ ಪಕ್ಕಕ್ಕೆ ಆತಂಕ ಬಂದು ಕೂತಿತು. ಆಮೇಲೆ ಬೈಪೋಲಾರ್, ಅದರ ಮುಂದೊಂದು ಪ್ರಶ್ನಾರ್ಥಕ ಚಿಹ್ನೆ. ತಲೆಯೊಳಗೆ ದನಿಗಳು ಕೇಳಿಸುತ್ತವೆ ಅಂತ ಅವಳು ಬಾಯಿ ಬಿಟ್ಟ ದಿನ ಸ್ಕಿಜೋಫ್ರೇನಿಯಾ, ಅದರ ಮುಂದೆಯೂ ಪ್ರಶ್ನಾರ್ಥಕ ಚಿಹ್ನೆ. ಕೈ ಕೊಯ್ದುಕೊಂಡ ವರ್ಷ ಬಾರ್ಡರ್‌ಲೈನ್ ಪರ್ಸನಾಲಿಟಿ. ಈ ಸಲ ಚಿಹ್ನೆ ಇರಲಿಲ್ಲ. ಬರೆದವರಿಗೆ ಖಾತ್ರಿಯಾಗಿತ್ತು ಅಂತ ಕಾಣುತ್ತದೆ.

ಹೆಸರು ಬದಲಾದಾಗಲೆಲ್ಲ ಗುಳಿಗೆ ಬದಲಾಗುತ್ತಿತ್ತು. ಒಂದು ಗುಳಿಗೆಗೆ ಕೈ ನಡುಗಿತು. ಇನ್ನೊಂದಕ್ಕೆ ದಿನಕ್ಕೆ ಹದಿನಾಲ್ಕು ಗಂಟೆ ನಿದ್ದೆ. ಮತ್ತೊಂದಕ್ಕೆ ಆರು ತಿಂಗಳಲ್ಲಿ ಅವಳ ಬಟ್ಟೆಗಳೆಲ್ಲ ಚಿಕ್ಕದಾದವು. ಆದರೆ ಅವಳು ಮೊದಲ ದಿನ ಹೇಳಿದ ಮಾತು ಮಾತ್ರ ಹಾಗೇ ಉಳಿದಿತ್ತು. "ನಾನು ಇಲ್ಲಿ ಇರಲ್ಲ. ಇದ್ರೂ ಇರಲ್ಲ." ಆ ಮಾತು ಫೈಲಿನಲ್ಲಿ ಎಲ್ಲೂ ಇಲ್ಲ. ನಾನು ಹುಡುಕಿದ್ದೇನೆ.

ಹನ್ನೊಂದನೇ ವರ್ಷ, ನಾವು ನೋಡುತ್ತಿದ್ದ ಡಾಕ್ಟರ್ ರಜೆ ಹಾಕಿದ್ದರು. ಅವರ ಜಾಗದಲ್ಲಿ ಇನ್ನೂ ಓದು ಮುಗಿಸದ ಒಬ್ಬ ಕಿರಿಯ ಡಾಕ್ಟರ್ ಕೂತಿದ್ದರು. ಫೈಲಿನ ದಪ್ಪ ನೋಡಿ ಅದನ್ನು ತೆರೆಯಲೇ ಇಲ್ಲ ಪುಣ್ಯಾತ್ಗಿತ್ತಿ. ಪಕ್ಕಕ್ಕಿಟ್ಟು ಅಕ್ಕನನ್ನೇ ಕೇಳಿದರು: "ನಿಮಗೆ ನಡುನಡುವೆ ಹೊತ್ತು ಕಾಣೆಯಾಗುತ್ತಾ? ಅಂದ್ರೆ, ಈಗಿನ್ನೂ ಹತ್ತು ಗಂಟೆ ಅಂದ್ಕೊಂಡಿರ್ತೀರಿ, ಗಡಿಯಾರ ನೋಡಿದ್ರೆ ಮೂರಾಗಿರುತ್ತೆ. ನಡುವೆ ಏನು ಮಾಡಿದ್ರಿ ಅಂತ ಗೊತ್ತೇ ಇರಲ್ಲ. ಹಾಗೇನಾದ್ರೂ?"

ಅಕ್ಕ ತಲೆ ಎತ್ತಿ ನೋಡಿದಳು. ಆಸ್ಪತ್ರೆಯಲ್ಲಿ ಅವಳು ಹಾಗೆ ನೇರ ನೋಡಿದ್ದು ನಾನು ಕಂಡಿರಲಿಲ್ಲ.

"ಎಲ್ರಿಗೂ ಹಾಗೇ ಅಲ್ವಾ ಆಗೋದು?" ಅಂದಳು.

ಡಿಸೋಸಿಯೇಷನ್ ಅನ್ನುವ ಪದ ನನ್ನ ಕಿವಿಗೆ ಬಿದ್ದದ್ದು ಅವತ್ತೇ. ಅದಕ್ಕೆ ಕನ್ನಡದಲ್ಲಿ ವಿಘಟನೆ ಅಂತಲೋ ಏನೋ ಬರೆಯುತ್ತಾರೆ. ಆ ಪದ ಅಕ್ಕನಿಗೆ ಹೇಳಿದೆ. "ಗಾಜಿನ ಲೋಟ ಒಡೆದ ಹಾಗೆ ಕೇಳುತ್ತೆ, ನನಗೇನೂ ಒಡೆದ ಹಾಗೆ ಆಗಲ್ಲ, ಬಾಗಿಲು ಹಾಕಿದ ಹಾಗೆ ಆಗುತ್ತೆ" ಅಂದಳು. ನಾನು ಇಂಗ್ಲಿಷಿನ ಪದವನ್ನೇ ಇಟ್ಟುಕೊಂಡೆ.

ನಮ್ಮ ಮಾತಿನಲ್ಲಿ ಇದಕ್ಕೆ ಪದ ಇಲ್ಲ ಅಂತಲ್ಲ. ಜಾಸ್ತಿಯೇ ಇವೆ. ಮೈಮರೆವು ಅನ್ನುತ್ತೇವೆ. ಮಂಕು ಕವಿದಿದೆ ಅನ್ನುತ್ತೇವೆ. "ಮೈಮೇಲೆ ಜ್ಞಾನ ಇದೆಯಾ ನಿನಗೆ?" "ಯಾವ ಲೋಕದಲ್ಲಿದ್ದೀಯ?" "ಆಗ ನಾನು ನಾನಾಗಿರಲಿಲ್ಲ." ಯೋಚಿಸಿ ನೋಡಿದರೆ ಇವೆಲ್ಲ ಸುತ್ತಿ ಬಳಸಿ ಅದನ್ನೇ ಹೇಳುತ್ತವೆ. ತೊಂದರೆ ಏನೆಂದರೆ, ಇದರಲ್ಲಿ ಅರ್ಧ ಬೈಗುಳ, ಇನ್ನರ್ಧ ಹೊಗಳಿಕೆ. ಮೈಮರೆತು ಹಾಡಿದಳು ಅಂದರೆ ಚಪ್ಪಾಳೆ. ಮೈಮರೆತು ಹಾಲು ಉಕ್ಕಿಸಿದಳು ಅಂದರೆ ಬೈಗುಳ. ಡಾಕ್ಟರಿಗೆ ಹೇಳಬೇಕಾದ ಲಕ್ಷಣ ಅಂತ ಅದು ಯಾರ ಕಿವಿಗೂ ಬೀಳುವುದಿಲ್ಲ. ಬೈಸಿಕೊಂಡ ವಿಷಯವನ್ನು ಡಾಕ್ಟರಿಗೆ ಯಾರು ಹೇಳುತ್ತಾರೆ?

ಎಲ್ಲರಿಗೂ ಸ್ವಲ್ಪ ಸ್ವಲ್ಪ ಆಗುವಂಥದ್ದೇ ಇದು, ಅಲ್ಲಿಯವರೆಗೆ ಅಕ್ಕ ಹೇಳಿದ್ದು ಸರಿ. ದಿನಾ ಹೋಗುವ ದಾರಿಯಲ್ಲಿ ಗಾಡಿ ಓಡಿಸಿಕೊಂಡು ಮನೆ ತಲುಪಿದಾಗ ನಡುವಿನ ತಿರುವುಗಳು ನೆನಪಿಗೆ ಬರುವುದಿಲ್ಲ. ಓದುತ್ತಾ ಕೂತವರಿಗೆ ಕೂಗಿದ್ದು ಕೇಳಿಸುವುದಿಲ್ಲ. ಅದು ಕಾಯಿಲೆಯಲ್ಲ. ಕಾಯಿಲೆಯಾಗುವುದು ನೆನಪು, ಅನುಭವ, ಮೈ, "ನಾನು" ಅನ್ನುವ ಭಾವ, ಇವುಗಳ ನಡುವಿನ ಹೊಲಿಗೆ ಬಿಟ್ಟುಹೋಗಿ, ಅದರಿಂದ ಬದುಕು ನಡೆಸುವುದೇ ಕಷ್ಟವಾದಾಗ. ಅಮೆರಿಕದ ಮನೋವೈದ್ಯೆ ಮಾರ್ಲೀನ್ ಸ್ಟೈನ್‌ಬರ್ಗ್ ಇದನ್ನು ಪರೀಕ್ಷಿಸಲು ಒಂದು ದೀರ್ಘ ಸಂದರ್ಶನ ರೂಪಿಸಿದ್ದಾರೆ. ಅದರಲ್ಲಿ ನೋಡುವುದು ಐದು ಸಂಗತಿ. ನೆನಪಿನಲ್ಲಿ ತೂತು ಬೀಳುವುದು. ತನ್ನ ಮೈ, ತನ್ನ ದನಿ ತನ್ನದಲ್ಲ ಅನ್ನಿಸುವುದು. ಸುತ್ತಲಿನ ಲೋಕ ಗಾಜಿನ ಆಚೆ ಇರುವ ಹಾಗೆ, ಬೊಂಬೆಯಾಟದ ಹಾಗೆ ಕಾಣುವುದು. ನಾನು ಯಾರು ಅನ್ನುವ ಗೊಂದಲ. ಕೊನೆಗೆ, ಬೇರೆಯೇ ಒಬ್ಬರ ಹಾಗೆ ಮಾತು, ವರ್ತನೆ ಬದಲಾಗುವುದು. ಅಕ್ಕನನ್ನು ಆ ಕಿರಿಯ ಡಾಕ್ಟರ್ ಮೂರು ದಿನ, ಹೊತ್ತು ಕೊಟ್ಟು, ಈ ಐದರ ಬಗ್ಗೆ ಕೇಳಿದರು. ಅದಕ್ಕೂ ಮೊದಲು ಮೆದುಳಿನ ವಿದ್ಯುತ್ ಅಲೆ ದಾಖಲಿಸುವ ಇಇಜಿ ಮಾಡಿಸಿದರು, ಕುಡಿತ, ಬೇರೆ ಮದ್ದು ಏನಾದರೂ ಇದೆಯಾ ಅಂತ ವಿಚಾರಿಸಿದರು. ಮೂರ್ಛೆರೋಗದಲ್ಲೂ ಹೊತ್ತು ಕಾಣೆಯಾಗುತ್ತದೆ, ಜಾಸ್ತಿ ಕುಡಿದರೂ ಕಾಣೆಯಾಗುತ್ತದೆ. ಅವಸರ ಮಾಡದೆ ಒಂದೊಂದೇ ಬಾಗಿಲು ಮುಚ್ಚಿಕೊಂಡು ಬಂದರು.

ಆ ನಡುವೆ ಅವಳ ಕೈಗೊಂದು ಪ್ರಶ್ನೆಪಟ್ಟಿ ಕೊಟ್ಟಿದ್ದರು. 1986ರಲ್ಲಿ ಈವ್ ಬರ್ನ್‌ಸ್ಟೈನ್ ಮತ್ತು ಫ್ರಾಂಕ್ ಪುಟ್ನಮ್ ಅನ್ನುವವರು ತಯಾರಿಸಿದ್ದು, 28 ಪ್ರಶ್ನೆ. ಒಂದೊಂದಕ್ಕೂ ಸೊನ್ನೆಯಿಂದ ನೂರರ ತನಕ, ಎಷ್ಟು ಸಲ ಹೀಗಾಗುತ್ತದೆ ಅಂತ ಗುರುತು ಹಾಕಬೇಕು. ಅದನ್ನು ತುಂಬಿದರೆ ಕಾಯಿಲೆ ಇದೆ ಅಂತ ಸಾಬೀತಾಗುವುದಿಲ್ಲ. ಇನ್ನಷ್ಟು ಕೇಳಬೇಕಾ ಬೇಡವಾ ಅಂತ ಗೊತ್ತಾಗುತ್ತದೆ, ಅಷ್ಟೇ. ಅವಳಿಗೆ ಓದಲು ಸುಸ್ತಾಗಿ ನಾನು ಓದಿ ಹೇಳುತ್ತಿದ್ದೆ. ಕೊಂಡ ನೆನಪೇ ಇಲ್ಲದ ಸಾಮಾನು ತನ್ನ ವಸ್ತುಗಳ ನಡುವೆ ಸಿಗುವುದು ಅಂತೊಂದು ಪ್ರಶ್ನೆ. ಮುಂದೆ ಹೋದರೆ, ತಾನು ಸುಳ್ಳು ಹೇಳಿಲ್ಲ ಅನ್ನಿಸುತ್ತಿದ್ದರೂ ಬೇರೆಯವರು ಸುಳ್ಳು ಹೇಳಿದೆ ಅಂತ ದೂರುವುದು ಅಂತ ಇನ್ನೊಂದು.

ಅದನ್ನು ಓದಿ ನಾನು ತಲೆ ಎತ್ತಲಿಲ್ಲ. ಯಾಕೆಂದರೆ ಹಾಗೆ ದೂರಿದವಳು ನಾನೇ.

ಒಂದು ಭಾನುವಾರ ಬರುತ್ತೇನೆ ಅಂತ ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದ್ದಳು. ಬರಲಿಲ್ಲ. ಕೇಳಿದರೆ ಫೋನೇ ಮಾಡಿಲ್ಲ ಅಂದಳು. ನಾನು ಫೋನು ತೆಗೆದು, ಕರೆ ಬಂದ ಹೊತ್ತು ತೋರಿಸಿ, ಗೆದ್ದವಳ ಹಾಗೆ ನೋಡಿದೆ. ಅವಳು ಪರದೆಯನ್ನು ಸ್ವಲ್ಪ ಹೊತ್ತು ದಿಟ್ಟಿಸಿ "ಹೌದು, ಮರೆತೇ ಹೋಗಿತ್ತು" ಅಂದಳು. ಇನ್ನೊಂದು ಸಲ ಅವಳ ಕಪಾಟಿನಲ್ಲಿ ನೀಲಿ ಸ್ವೆಟರ್ ಇತ್ತು. ಯಾರದು ಅಂದರೆ ಗೊತ್ತಿಲ್ಲ ಅಂದಳು. ಬಿಲ್ಲು ಅವಳ ಬ್ಯಾಗಿನಲ್ಲೇ ಇತ್ತು. "ಸುಳ್ಳಿ ನೀನು, ಮೊದಲಿಂದಲೂ ಸುಳ್ಳಿ" ಅಂದಿದ್ದೆ. ಆ ಮಾತನ್ನು ಎಷ್ಟು ಸಲ ಅಂದಿದ್ದೇನೋ ಲೆಕ್ಕವಿಲ್ಲ. ಅವಳು ಅದನ್ನೂ ಒಪ್ಪಿಕೊಂಡಿದ್ದಳು. ನೆನಪಿಲ್ಲ ಅಂತ ವಾದ ಮಾಡುವುದಕ್ಕಿಂತ ಸುಳ್ಳಿ ಅನ್ನಿಸಿಕೊಳ್ಳುವುದು ಸುಲಭವಂತೆ.

ಈ ಕಾಯಿಲೆ ಸಿಕ್ಕಿಬೀಳದಿರುವುದಕ್ಕೆ ಮೊದಲ ಕಾರಣ ಇದೇ ಅಂತ ನನಗನ್ನಿಸುತ್ತದೆ. ಹೊತ್ತು ಕಳೆದುಕೊಳ್ಳುವವರು ಅದನ್ನು ಮುಚ್ಚಿಕೊಳ್ಳುವುದರಲ್ಲಿ ಬಹಳ ನಿಪುಣರಾಗಿರುತ್ತಾರೆ. ಚಿಕ್ಕ ವಯಸ್ಸಿನಿಂದ ಅದೇ ಅಭ್ಯಾಸ. ಎದುರಿಗಿರುವವರ ಮುಖ ನೋಡಿ, ಅವರ ಎರಡು ಮಾತು ಕೇಳಿ, ಏನು ನಡೆದಿರಬಹುದು ಅಂತ ಊಹಿಸಿ, ಅದಕ್ಕೆ ತಕ್ಕ ಹಾಗೆ ನಗುತ್ತಾರೆ. ಜೊತೆಗೆ, ಮರೆತದ್ದು ಮರೆತಿದೆ ಅನ್ನುವುದೇ ಮರೆತಿರುತ್ತದೆ. ನೆನಪಿಲ್ಲದ ಮಧ್ಯಾಹ್ನವನ್ನು ಯಾರು ತಾನೇ ಹುಡುಕಿಕೊಂಡು ಹೋಗುತ್ತಾರೆ? ಹಾಗಾಗಿ "ಏನು ತೊಂದರೆ?" ಅಂತ ಕೇಳಿದರೆ ನಿದ್ದೆ ಇಲ್ಲ, ಬೇಜಾರು, ತಲೆನೋವು ಅನ್ನುತ್ತಾರೆ. ಅದು ಸುಳ್ಳೇನಲ್ಲ. ಖಿನ್ನತೆಗೆ ಚೀಟಿ ಬರೆಯಲು ಅಷ್ಟು ಸಾಕು.

ಡಾಕ್ಟರುಗಳು ಕೆಟ್ಟವರಾಗಿರಲಿಲ್ಲ. ಒಬ್ಬರಂತೂ ಹಬ್ಬದ ದಿನವೂ ಫೋನು ಎತ್ತುತ್ತಿದ್ದರು. ಆದರೆ ಅವರು ಕಲಿತ ಪ್ರಶ್ನೆಗಳ ಸಾಲಿನಲ್ಲಿ ಇದು ಇರಲಿಲ್ಲ. ನಿದ್ದೆ, ಹಸಿವು, ಮನಸ್ಥಿತಿ, ಸಾಯುವ ಯೋಚನೆ, ದನಿ ಕೇಳಿಸುವುದು, ಯಾರೋ ಹಿಂಬಾಲಿಸುತ್ತಾರೆ ಅನ್ನುವ ಸಂಶಯ, ಇಷ್ಟು ಎಲ್ಲರೂ ಕೇಳುತ್ತಾರೆ. ನೆನಪಿನ ಪರೀಕ್ಷೆಯೂ ಮಾಡುತ್ತಾರೆ. ಮೂರು ಪದ ಹೇಳಿ ಐದು ನಿಮಿಷ ಬಿಟ್ಟು ಕೇಳುತ್ತಾರೆ. ಅಕ್ಕ ಪ್ರತಿ ಸಲವೂ ಮೂರನ್ನೂ ಸರಿಯಾಗಿ ಹೇಳಿದ್ದಾಳೆ. ಫೈಲಿನಲ್ಲಿ "ನೆನಪು: ಸರಿಯಿದೆ" ಅಂತ ಏಳು ಕಡೆ ಬರೆದಿದೆ. ಹೋದ ಮಂಗಳವಾರ ಎಲ್ಲಿದ್ದೆ ಅಂತ ಒಬ್ಬರೂ ಕೇಳಿಲ್ಲ.

ನಮ್ಮ ಮನೆಯ ಕಥೆ ಇದೊಂದೇ ಇರಬೇಕು, ನಮ್ಮ ಹಣೆಬರಹ, ಅಂತ ತುಂಬ ದಿನ ಅಂದುಕೊಂಡಿದ್ದೆ. ಹಾಗೇನಿಲ್ಲ. ಅದೇ 1986ರಲ್ಲಿ ಪುಟ್ನಮ್ ಮತ್ತು ಅವರ ಸಂಗಡಿಗರು, ಡಿಸೋಸಿಯೇಷನ್‌ನ ಒಂದು ರೂಪವಾದ, ಒಬ್ಬರಲ್ಲೇ ಬೇರೆ ಬೇರೆ ವ್ಯಕ್ತಿತ್ವಗಳಿರುವ, ಆಗ ಬಹುವ್ಯಕ್ತಿತ್ವ ಅಂತ ಕರೆಯುತ್ತಿದ್ದ ಕಾಯಿಲೆಯ 100 ಜನರ ವಿವರ ಒಟ್ಟು ಮಾಡಿ ನೋಡಿದರು. ಮೊದಲ ಸಲ ಮಾನಸಿಕ ಚಿಕಿತ್ಸೆಗೆ ಹೋದ ದಿನದಿಂದ ಸರಿಯಾದ ಹೆಸರು ಸಿಗುವ ಹೊತ್ತಿಗೆ ಸರಾಸರಿ 6.8 ವರ್ಷ ಕಳೆದಿತ್ತು. ಅಷ್ಟರಲ್ಲಿ ಸರಾಸರಿ 3.6 ಬೇರೆ ಹೆಸರುಗಳು ಅಂಟಿಕೊಂಡಿದ್ದವು. 2006ರಲ್ಲಿ ಅಮೆರಿಕದ ಒಂದು ನಗರದ ಮನೋವೈದ್ಯಕೀಯ ಹೊರರೋಗಿ ವಿಭಾಗದಲ್ಲಿ ಬ್ರಾಡ್ ಫೂಟ್ ಮತ್ತು ಸಂಗಡಿಗರು 82 ರೋಗಿಗಳನ್ನು ಕೂರಿಸಿ ಕ್ರಮವಾಗಿ ಕೇಳಿದರು. ಶೇಕಡ 29ರಷ್ಟು ಜನರಲ್ಲಿ ಒಂದಲ್ಲ ಒಂದು ಡಿಸೋಸಿಯೇಟಿವ್ ತೊಂದರೆ ಕಂಡಿತು. ಆ ಜನರ ಹಳೆಯ ಫೈಲು ತೆಗೆದು ನೋಡಿದರೆ, ಮೊದಲೇ ಆ ಹೆಸರು ಬರೆಸಿಕೊಂಡಿದ್ದವರು ಅವರಲ್ಲಿ ಶೇಕಡ 5 ಮಾತ್ರ. ಒಂದೇ ಆಸ್ಪತ್ರೆಯ ಸಣ್ಣ ಗುಂಪಿನ ಲೆಕ್ಕ ಇದು. ಎಲ್ಲ ಕಡೆಯೂ ಇಷ್ಟೇ ಇರುತ್ತದೆ ಅಂತ ಹೇಳಲಾಗುವುದಿಲ್ಲ. ಆದರೂ ಆ ಫೈಲುಗಳನ್ನು ನಾನು ಕಣ್ಣಿಗೆ ತಂದುಕೊಳ್ಳಬಲ್ಲೆ. ಅವುಗಳ ರಬ್ಬರ್ ಬ್ಯಾಂಡ್ ಸಮೇತ.

ದನಿಯ ವಿಷಯಕ್ಕೆ ಬರುತ್ತೇನೆ. ಅಕ್ಕನ ಅತಿ ಕೆಟ್ಟ ನಾಲ್ಕು ವರ್ಷ ಹೋದದ್ದು ಅಲ್ಲಿ.

ಸ್ಕಿಜೋಫ್ರೇನಿಯಾ ಅನ್ನುವ ಹೆಸರು ಇಟ್ಟದ್ದು ಸ್ವಿಟ್ಜರ್‌ಲೆಂಡಿನ ಆಯ್ಗನ್ ಬ್ಲಾಯ್ಲರ್, 1908ರಲ್ಲಿ. ಗ್ರೀಕ್ ಮೂಲದ ಎರಡು ಪದ ಕೂಡಿಸಿ ಮಾಡಿದ್ದು, ಸೀಳಿದ ಮನಸ್ಸು ಅಂತ ಅರ್ಥ. ಆ ಹೆಸರಿನ ದೆಸೆಯಿಂದ ಇವತ್ತಿಗೂ ಜನ ಸ್ಕಿಜೋಫ್ರೇನಿಯಾ ಅಂದರೆ ಒಬ್ಬರಲ್ಲಿ ಇಬ್ಬರು ಇರುವುದು ಅಂದುಕೊಳ್ಳುತ್ತಾರೆ. ಅದು ಅಲ್ಲ. ಇದಾದ ಮೇಲೆ ಜರ್ಮನಿಯ ಕುರ್ಟ್ ಶ್ನೈಡರ್, ಸ್ಕಿಜೋಫ್ರೇನಿಯಾವನ್ನು ಗುರುತಿಸಲು ಕೆಲವು ಮುಖ್ಯ ಲಕ್ಷಣಗಳ ಪಟ್ಟಿ ಮಾಡಿದರು. ದನಿಗಳು ತಮ್ಮತಮ್ಮಲ್ಲೇ ವಾದ ಮಾಡುವುದು, ನಾವು ಮಾಡುವ ಕೆಲಸದ ಬಗ್ಗೆ ಟೀಕೆ ಹೇಳುವುದು, ಬೇರೆಯವರ ಯೋಚನೆ ನಮ್ಮ ತಲೆಗೆ ಬಂದ ಹಾಗೆ, ಬೇರೆ ಯಾರೋ ನಮ್ಮ ಕೈಯಿಂದ ಕೆಲಸ ಮಾಡಿಸಿದ ಹಾಗೆ ಅನ್ನಿಸುವುದು, ಇಂಥವು. ಹಲವು ತಲೆಮಾರಿನ ಡಾಕ್ಟರುಗಳು ಈ ಪಟ್ಟಿ ಬಾಯಿಪಾಠ ಮಾಡಿದ್ದಾರೆ. 1987ರಲ್ಲಿ ರಿಚರ್ಡ್ ಕ್ಲಫ್ಟ್ ಅನ್ನುವ ಅಮೆರಿಕದ ಮನೋವೈದ್ಯ, ಬಹುವ್ಯಕ್ತಿತ್ವದ 30 ರೋಗಿಗಳಲ್ಲಿ ಇದೇ ಪಟ್ಟಿ ಹಿಡಿದು ನೋಡಿದರೆ ಒಬ್ಬೊಬ್ಬರಲ್ಲಿ ಸರಾಸರಿ ಮೂರಕ್ಕಿಂತ ಜಾಸ್ತಿ ಲಕ್ಷಣ ಸಿಕ್ಕವು. ಅಂದರೆ ಪಟ್ಟಿಯನ್ನು ನಂಬಿದ ಡಾಕ್ಟರ್ ಪ್ರಾಮಾಣಿಕವಾಗಿಯೇ ತಪ್ಪು ದಾರಿ ಹಿಡಿಯಬಹುದು.

ವ್ಯತ್ಯಾಸ ಹಿಡಿಯಲು ಇನ್ನೂ ನಾಲ್ಕು ಪ್ರಶ್ನೆ ಬೇಕು. ಈ ದನಿಗಳು ಯಾವ ವಯಸ್ಸಿನಿಂದ ಇವೆ? ಡಿಸೋಸಿಯೇಷನ್‌ನಲ್ಲಿ ಸಾಮಾನ್ಯವಾಗಿ ಚಿಕ್ಕಂದಿನಿಂದ. ಎಷ್ಟು ದನಿ? ಹಲವು ಸಲ ಎರಡಕ್ಕಿಂತ ಹೆಚ್ಚು. ಮಗುವಿನ ದನಿ ಇದೆಯಾ? ಅವುಗಳ ಜೊತೆ ಮಾತಾಡಲು ಆಗುತ್ತಾ? ಇದ್ಯಾವುದೂ ಒಂದೇ ಏಟಿಗೆ ತೀರ್ಪು ಕೊಡುವುದಿಲ್ಲ. ಆದರೆ ದಾರಿ ತಿರುಗಿಸಬಲ್ಲದು. ಅಕ್ಕನಿಗೆ ಐದನೇ ಕ್ಲಾಸಿನಿಂದ ದನಿಗಳಿದ್ದವು. ಅದರಲ್ಲೊಂದು ಅಳುವ ಮಗುವಿನದು. ಅದು ಅತ್ತಾಗ ಸುಮ್ನಿರು ಅಂತ ಸಮಾಧಾನ ಮಾಡಿದರೆ ಸುಮ್ಮನಾಗುತ್ತಿತ್ತಂತೆ. ಇದನ್ನೆಲ್ಲ ಅವಳು ಯಾಕೆ ಹೇಳಲಿಲ್ಲ ಅಂದರೆ, ಹೇಳಲು ಹೊರಟ ದಿನ "ದನಿ ಕೇಳುತ್ತೆ" ಅನ್ನುವಲ್ಲಿಗೇ ಪೆನ್ನು ಓಡತೊಡಗಿತ್ತು. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಮನೋವಿಕಾರದ ಗುಳಿಗೆ ಶುರುವಾಯಿತು. ದನಿ ನಿಲ್ಲಲಿಲ್ಲ. ಡೋಸ್ ಏರಿತು. ಅವಳೇ ನಿಧಾನವಾದಳು.

ಇನ್ನೊಂದು ದೊಡ್ಡ ಅಡ್ಡಿ ಸಿನಿಮಾ. ತೆರೆಯ ಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು, ದನಿ ಬದಲಿಸಿ, ಕೊಲೆ ಮಾಡಲು ಹೊರಡುವವರನ್ನು ನೋಡಿ ನೋಡಿ, ಇದು ಹಾಗಿರುತ್ತದೆ ಅಂತ ರೋಗಿಗೂ ಗೊತ್ತು, ಮನೆಯವರಿಗೂ ಗೊತ್ತು. ಡಾಕ್ಟರುಗಳೂ ಅದೇ ಸಿನಿಮಾ ನೋಡಿದವರೇ ಅಲ್ವಾ. ನಿಜದಲ್ಲಿ ಬೇರೆ ಬೇರೆ ವ್ಯಕ್ತಿತ್ವಗಳು ಎದುರಿಗೇ ಕಾಣುವ ಹಾಗೆ ಇರುವವರು ನೂರಕ್ಕೆ ಆರು ಮಂದಿ ಮಾತ್ರ ಅನ್ನುತ್ತಾರೆ ಕ್ಲಫ್ಟ್. ಉಳಿದವರಲ್ಲಿ ಬದಲಾವಣೆ ಒಳಗೇ ನಡೆಯುತ್ತದೆ. ಹೊರಗೆ ಕಾಣುವುದು ಕ್ಷಣಕಾಲದ ಶೂನ್ಯ ನೋಟ, ಅರ್ಧಕ್ಕೆ ನಿಂತ ಮಾತು, ಇದ್ದಕ್ಕಿದ್ದಂತೆ ಹಣೆ ಒತ್ತಿಕೊಳ್ಳುವುದು. ಅಕ್ಕ ಮಾಡುತ್ತಿದ್ದದ್ದು ಬರೀ ಕುತ್ತಿಗೆಯ ಹಿಂದೆ ಕೈ ಇಟ್ಟುಕೊಳ್ಳುವುದು. ಅದಾದ ಮೇಲೆ ಅವಳಿಗೆ ಹಿಂದಿನ ವಾಕ್ಯ ಗೊತ್ತಿರುತ್ತಿರಲಿಲ್ಲ. ನಾನು ಅದನ್ನು ಕುತ್ತಿಗೆ ನೋವು ಅಂದುಕೊಂಡು ಮುಲಾಮು ತಂದುಕೊಟ್ಟಿದ್ದೆ.

ಡಾಕ್ಟರುಗಳ ಹಿಂಜರಿಕೆಗೆ ಒಂದು ನ್ಯಾಯವಾದ ಕಾರಣವೂ ಇದೆ. ಅದನ್ನು ಮುಚ್ಚಿಟ್ಟರೆ ನಾನು ಮತ್ತೆ ಫೋನು ತೋರಿಸಿ ಗೆಲ್ಲಲು ಹೊರಟವಳ ಹಾಗಾಗುತ್ತೇನೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಬಹುವ್ಯಕ್ತಿತ್ವ ಜನಪ್ರಿಯವಾಯಿತು. 1980ರಲ್ಲಿ ಅದು ಅಲ್ಲಿನ ಮನೋವೈದ್ಯರ ಅಧಿಕೃತ ಕೈಪಿಡಿಯಾದ ಡಿಎಸ್ಎಂನ ಮೂರನೇ ಆವೃತ್ತಿಗೆ ಸೇರಿತು. ಆಮೇಲೆ ಕೆಲವು ಕಡೆ ಚಿಕಿತ್ಸಕರು ಹಿಪ್ನೋಟಿಸಂ ಮಾಡಿ, ಒತ್ತಿ ಒತ್ತಿ ಕೇಳಿ, ಇಲ್ಲದ ನೆನಪುಗಳನ್ನು ರೋಗಿಗಳ ತಲೆಯಲ್ಲಿ ಹುಟ್ಟಿಸಿದರು. ಸಂಸಾರಗಳು ಒಡೆದವು, 1990ರ ದಶಕದಲ್ಲಿ ಸಾಲು ಸಾಲು ಕೇಸು ಬಿದ್ದವು. ಇದು ಕಾಯಿಲೆಯೇ ಅಲ್ಲ, ಚಿಕಿತ್ಸಕರ ಸೃಷ್ಟಿ ಅನ್ನುವ ಗುಂಪು ಗಟ್ಟಿಯಾಯಿತು. 1994ರಲ್ಲಿ ಹೆಸರನ್ನು ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್ ಅಂತ ಬದಲಿಸಿದರು, ಆದರೆ ಗುಮಾನಿ ಹೋಗಲಿಲ್ಲ. ಅನೇಕ ಡಾಕ್ಟರುಗಳಿಗೆ ಆ ಕಾಲದ ಭಯ ಇನ್ನೂ ಇದೆ. ಕೇಳಿದರೆ ತಲೆಗೆ ಹಾಕಿದ ಹಾಗಾಗುತ್ತದೇನೋ ಅಂತ ಕೇಳುವುದನ್ನೇ ಬಿಟ್ಟಿದ್ದಾರೆ.

ಆ ಭಯದಲ್ಲಿ ಅರ್ಧ ನಿಜ. ಹೇಗೆ ಕೇಳುತ್ತೇವೆ ಅನ್ನುವುದು ದೊಡ್ಡದು. "ನಿಮ್ಮೊಳಗೆ ಇನ್ನೊಬ್ಬರು ಇದ್ದಾರಾ?" ಅಂತ ಮೊದಲ ಭೇಟಿಯಲ್ಲೇ ಕೇಳಿದರೆ ಅದು ತಲೆಗೆ ಹಾಕಿದ ಹಾಗೆಯೇ. "ಹೊತ್ತು ಕಾಣೆಯಾಗುತ್ತಾ?" ಅಂತ ಕೇಳಿ, "ಹೋದ ಸಲ ಆದದ್ದು ಹೇಳಿ" ಅಂತ ಸುಮ್ಮನೆ ಕಾಯುವುದು ಬೇರೆ. ಸಾಯುವ ಯೋಚನೆ ಬರುತ್ತಾ ಅಂತ ಕೇಳಿದರೆ ಅದೇ ಯೋಚನೆ ಹುಟ್ಟುತ್ತದೆ ಅಂತ ಒಂದು ಕಾಲದಲ್ಲಿ ಹೆದರುತ್ತಿದ್ದರು. ಈಗ ಯಾರೂ ಹಾಗೆ ಹೆದರಿ ಬಾಯಿ ಮುಚ್ಚಿಕೊಳ್ಳುವುದಿಲ್ಲ. ನಟನೆಯ ಪ್ರಶ್ನೆಗೂ ಸ್ವಲ್ಪ ಉತ್ತರ ಸಿಕ್ಕಿದೆ. ಸಿಮೋನ್ ರೈಂಡರ್ಸ್ ಮತ್ತು ಸಂಗಡಿಗರು 2012ರಲ್ಲಿ, ನಿಜವಾದ ರೋಗಿಗಳನ್ನೂ ಹಾಗೆ ನಟಿಸಲು ಹೇಳಿಸಿಕೊಂಡ ಆರೋಗ್ಯವಂತರನ್ನೂ ಸ್ಕ್ಯಾನ್ ಮಾಡಿ ಹೋಲಿಸಿದರು. ಕಲ್ಪನಾಶಕ್ತಿ ಜಾಸ್ತಿ ಇರುವ ನಟರಲ್ಲೂ ಮೆದುಳಿನ ಚಟುವಟಿಕೆ ರೋಗಿಗಳ ಹಾಗೆ ಇರಲಿಲ್ಲ. ಹಾಗಂತ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ ಹೇಳುವ ಮಟ್ಟಕ್ಕೆ ಯಾರೂ ಬಂದಿಲ್ಲ. ಈಗಲೂ ಇರುವ ಉಪಕರಣ ಪ್ರಶ್ನೆಯೊಂದೇ.

ಈಚೆಗೆ ವಿಡಿಯೋ ನೋಡಿಕೊಂಡು ತಮಗೆ ತಾವೇ ಈ ಹೆಸರು ಇಟ್ಟುಕೊಳ್ಳುವವರೂ ಇದ್ದಾರೆ. ಅವರ ಬಗ್ಗೆ ನನಗೆ ಕೋಪವೇನಿಲ್ಲ. ಆದರೆ ಅದರಿಂದ ನಿಜವಾಗಿ ಹೊತ್ತು ಕಳೆದುಕೊಳ್ಳುವವರು ಇನ್ನಷ್ಟು ಬಾಯಿ ಮುಚ್ಚಿಕೊಳ್ಳುತ್ತಾರೆ. ಅಕ್ಕ ಅಂಥ ಒಂದು ವಿಡಿಯೋ ನೋಡಿ, ಅರ್ಧಕ್ಕೇ ಫೋನು ಮಗುಚಿಟ್ಟಳು.

ಬಹುವ್ಯಕ್ತಿತ್ವದ ಗದ್ದಲದಲ್ಲಿ ಇನ್ನೊಂದು ತೊಂದರೆ ಮೂಲೆಗೆ ಬಿದ್ದಿದೆ. ಡಿಪರ್ಸನಲೈಸೇಷನ್. ನೆನಪೆಲ್ಲ ಸರಿಯಿರುತ್ತದೆ, ಆದರೆ ತಾನು ತನ್ನನ್ನೇ ಹೊರಗಿನಿಂದ ನೋಡುತ್ತಿರುವ ಹಾಗೆ, ಕೈಕಾಲು ಬೇರೆಯವರದ್ದಾದ ಹಾಗೆ ಅನ್ನಿಸುತ್ತದೆ, ತಿಂಗಳುಗಟ್ಟಲೆ, ವರ್ಷಗಟ್ಟಲೆ. ಫ್ರಾನ್ಸಿನ ಲುಡೋವಿಕ್ ದುಗಾ 1898ರಲ್ಲೇ ಇದಕ್ಕೆ ಈ ಹೆಸರು ಬಳಸಿದರು. ನೂರಕ್ಕೆ ಒಬ್ಬರಿಂದ ಇಬ್ಬರಿಗೆ ಇದು ಇರಬಹುದು ಅಂತ ಅಂದಾಜು. ಅಷ್ಟು ಜನರಲ್ಲಿ ಎಷ್ಟು ಮಂದಿ "ನಾನೇ ನಾನಲ್ಲ ಅನ್ನಿಸುತ್ತೆ ಡಾಕ್ಟ್ರೇ" ಅಂತ ಹೇಳಿ, ಟೆನ್ಷನ್ ಮಾಡ್ಕೋಬೇಡಿ ಅನ್ನಿಸಿಕೊಂಡು ವಾಪಸ್ ಬಂದಿದ್ದಾರೋ.

ಆಸ್ಪತ್ರೆಯ ಬೆಂಚಿನಲ್ಲಿ ಪರಿಚಯವಾದ ಒಬ್ಬ ಅಮ್ಮನ ಮಗನಿಗೆ ಮೂರ್ಛೆ ಬರುತ್ತಿತ್ತು. ಮೂರ್ಛೆರೋಗದ ಮಾತ್ರೆಗೆ ಜಗ್ಗಲಿಲ್ಲ. ಆರು ವರ್ಷದ ಮೇಲೆ ವಿಡಿಯೋ ಜೊತೆಗಿನ ಇಇಜಿಯಲ್ಲಿ ನೋಡಿದರೆ ಮೆದುಳಿನಲ್ಲಿ ಮೂರ್ಛೆಯ ವಿದ್ಯುತ್ ಅಲೆಯೇ ಇಲ್ಲ. ಡಿಸೋಸಿಯೇಟಿವ್ ಮೂರ್ಛೆ ಅದು. ನಟನೆಯಲ್ಲ, ಬೇಕಂತ ಮಾಡುವುದಲ್ಲ. 2002ರ ಜರ್ಮನಿಯ ಒಂದು ಅಧ್ಯಯನದಲ್ಲಿ ಇಂಥವರಿಗೆ ಸರಿಯಾದ ಹೆಸರು ಸಿಗಲು ಸರಾಸರಿ ಏಳು ವರ್ಷಕ್ಕಿಂತ ಹೆಚ್ಚು ಹಿಡಿದಿತ್ತು. ಆ ಅಮ್ಮ ಕೇಳಿದ್ದರು: "ಹಾಗಾದ್ರೆ ಆರು ವರ್ಷ ಅವನು ನುಂಗಿದ ಮಾತ್ರೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡು ಫೈಲುಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಕೂತೆವು.

ಅಕ್ಕನಿಗೆ ಇದು ಯಾಕೆ ಬಂತು ಅಂತ ಇಲ್ಲಿ ಬರೆಯುವುದಿಲ್ಲ. ಅದು ಅವಳದು. ಸಾಮಾನ್ಯವಾಗಿ ಹೇಳುವುದಾದರೆ, ಓಡಿಹೋಗಲಾಗದ ಮಗುವಿನ ಮೇಲೆ ಮತ್ತೆ ಮತ್ತೆ ಸಹಿಸಲಾರದ್ದು ನಡೆದಾಗ, ಕಾಲು ಓಡಲಾರದ ಕಡೆ ಮನಸ್ಸು ಓಡುತ್ತದೆ. ಹೀಗೆ ಆಘಾತಕ್ಕೂ ಮನಸ್ಸಿನ ಈ ಬೇರ್ಪಡುವಿಕೆಗೂ ಸಂಬಂಧ ಕಂಡು ಬರೆದವರು ಫ್ರಾನ್ಸಿನ ಪಿಯೆರ್ ಜಾನೆ, 1889ರಲ್ಲಿ. ಆಮೇಲೆ ಫ್ರಾಯ್ಡ್ ಬಂದರು, ಎಲ್ಲರೂ ಆ ಕಡೆ ತಿರುಗಿದರು, ಜಾನೆಯನ್ನು ಹಲವು ದಶಕ ಮರೆತರು. ಮರೆವಿನ ಬಗ್ಗೆ ಬರೆದವನನ್ನೇ ಮರೆತ ವೈದ್ಯಶಾಸ್ತ್ರ ಅಂತ ಆ ಕಿರಿಯ ಡಾಕ್ಟರ್ ಹೇಳಿ ನಕ್ಕರು. ನನಗೆ ನಗು ಬರಲಿಲ್ಲ. ನಾನು ಅದೇ ಮನೆಯಲ್ಲಿ, ಪಕ್ಕದ ಕೋಣೆಯಲ್ಲಿ ಬೆಳೆದವಳು.

ಹೆಸರು ಸಿಕ್ಕಿದ್ದರಿಂದ ಏನಾಯಿತು? ತಕ್ಷಣಕ್ಕೆ ಏನೂ ಆಗಲಿಲ್ಲ. ಹೊತ್ತು ಕಾಣೆಯಾಗುವುದಕ್ಕೇ ಅಂತ ಗುಳಿಗೆ ಇಲ್ಲ. ಖಿನ್ನತೆಗೆ, ನಿದ್ದೆಗೆ ಇರುವ ಗುಳಿಗೆ ಈಗಲೂ ತೆಗೆದುಕೊಳ್ಳುತ್ತಾಳೆ. ಮನೋವಿಕಾರದ್ದನ್ನು ಡಾಕ್ಟರೇ ಸುಮಾರು ಒಂದು ವರ್ಷ ಹಿಡಿದು, ನೋಡುತ್ತಾ ನೋಡುತ್ತಾ ಇಳಿಸಿದರು. ಇದನ್ನು ಓದಿ ಯಾರೂ ತಮ್ಮ ಗುಳಿಗೆ ತಾವೇ ನಿಲ್ಲಿಸಬೇಡಿ, ದಯವಿಟ್ಟು. ಮುಖ್ಯ ಚಿಕಿತ್ಸೆ ಮಾತಿನದು. ಆಘಾತ ಮತ್ತು ಡಿಸೋಸಿಯೇಷನ್ ಬಗ್ಗೆ ಕೆಲಸ ಮಾಡುವವರ ಅಂತರರಾಷ್ಟ್ರೀಯ ಸಂಘ 2011ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲಿ ಮೂರು ಹಂತ ಹೇಳಿದೆ. ಮೊದಲು ಸುರಕ್ಷತೆ ಮತ್ತು ಸ್ಥಿರತೆ, ಆಮೇಲೆ ಹಳೆಯ ನೆನಪು, ಕೊನೆಗೆ ಎಲ್ಲವನ್ನೂ ಕೂಡಿಸಿಕೊಳ್ಳುವುದು. ಜಾನೆ ಹೇಳಿದ್ದೂ ಹೆಚ್ಚುಕಡಿಮೆ ಇದೇ. ಬೆಥನಿ ಬ್ರ್ಯಾಂಡ್ ಮತ್ತು ಸಂಗಡಿಗರು ಹಲವು ದೇಶಗಳ ರೋಗಿಗಳನ್ನು ಎರಡು ವರ್ಷಕ್ಕೂ ಮೀರಿ ಅನುಸರಿಸಿ, ಹೀಗೆ ಹಂತಹಂತವಾಗಿ ಹೋದರೆ ತಮ್ಮನ್ನು ತಾವೇ ಗಾಯ ಮಾಡಿಕೊಳ್ಳುವುದು, ಆಸ್ಪತ್ರೆ ಸೇರುವುದು ಕಡಿಮೆಯಾಗುತ್ತದೆ ಅಂತ ತೋರಿಸಿದ್ದಾರೆ. ಹೋಲಿಸಲು ಬೇರೆ ಗುಂಪು ಇರಲಿಲ್ಲ ಅನ್ನುವ ಕೊರತೆ ಆ ಕೆಲಸಕ್ಕಿದೆ. ನಾನು ಕಂಡಿರುವುದು ಒಬ್ಬಳನ್ನು. ಅವಳ ಕೈಯಲ್ಲಿ ಮೂರು ವರ್ಷದಿಂದ ಹೊಸ ಗಾಯವಿಲ್ಲ.

ಮೊದಲ ಹಂತದಲ್ಲೇ ಎರಡು ವರ್ಷ ಕಳೆಯಿತು. ನನಗೆ ಅವಸರ ಇತ್ತು, ಒಳಗಿರುವುದೆಲ್ಲ ಹೊರಗೆ ಬಂದರೆ ಮುಗಿಯಿತಲ್ಲ ಅಂತ. ಡಾಕ್ಟರ್ ಒಪ್ಪಲಿಲ್ಲ. ಗಾಯ ಒಣಗಲು ಶುರುವಾಗದೆ ಬಟ್ಟೆ ಎಳೆಯಬಾರದು ಅಂದರು. ಆ ಎರಡು ವರ್ಷ ಅಕ್ಕ ಕಲಿತದ್ದು ಬಹಳ ಸಣ್ಣ ಕೆಲಸಗಳು. ಮಂಕು ಕವಿಯುವ ಮುನ್ಸೂಚನೆ ಸಿಕ್ಕ ಕೂಡಲೇ ಪಾದವನ್ನು ನೆಲಕ್ಕೆ ಒತ್ತುವುದು, ಕಣ್ಣಿಗೆ ಕಾಣುವ ಐದು ವಸ್ತುವಿನ ಹೆಸರು ಹೇಳುವುದು, ಇವತ್ತಿನ ತಾರೀಖು ಜೋರಾಗಿ ಹೇಳುವುದು. ಜೊತೆಗೆ ಮೇಜಿನ ಮೇಲೆ ಒಂದು ನೋಟ್‌ಬುಕ್. ಏನು ಮಾಡಿದರೂ ಅದರಲ್ಲಿ ಹೊತ್ತು ಹಾಕಿ ಒಂದು ಸಾಲು ಬರೆಯಬೇಕು. ಅದರಲ್ಲಿ ಖಾಲಿ ಬಿಟ್ಟ ಜಾಗಗಳೂ ಇವೆ. ಮೊದಲೆಲ್ಲ ಅರ್ಧ ಪುಟ ಖಾಲಿ. ಈಗ ಎರಡು ಬೆರಳಿನಷ್ಟು.

ಈ ಬರಹವನ್ನು ಅವಳಿಗೆ ತೋರಿಸದೆ ಹಾಕುವುದಿಲ್ಲ ಅಂತ ಮೊದಲೇ ಹೇಳಿದ್ದೆ. ಪ್ರಿಂಟ್ ತೆಗೆದು ಕೊಟ್ಟೆ. ಮಾರನೇ ದಿನ ಹೋದಾಗ ಅದು ಮೇಜಿನ ಮೇಲಿತ್ತು. ಎರಡು ಕಡೆ ಪೆನ್ಸಿಲ್ ಗುರುತು. ಸ್ವೆಟರ್ ನೀಲಿ ಅಂತ ಬರೆದಲ್ಲಿ ಅಡ್ಡ ಗೆರೆ ಎಳೆದು, ಹಸಿರು ಅಂತ ಬರೆದಿದ್ದಳು. ನನಗೆ ಈಗಲೂ ನೀಲಿ ಅಂತಲೇ ನೆನಪು, ಹಾಗಾಗಿ ಬದಲಿಸಿಲ್ಲ. ಅವಳಿಗೆ ಅದನ್ನು ಹೇಳಿದೆ. "ನೆನಪಿನ ವಿಷಯದಲ್ಲಿ ನನ್ನ ಜೊತೆ ಜಗಳಕ್ಕೆ ಬರ್ತೀಯಲ್ಲ, ಧೈರ್ಯ ನಿಂದು" ಅಂತ ನಕ್ಕಳು. ಇನ್ನೊಂದು ಗುರುತು ಕೊನೆಯ ಹಾಳೆಯ ಕೆಳಗೆ, ಸಣ್ಣ ಅಕ್ಷರದಲ್ಲಿ, ತನಗೆ ತಾನೇ ಬರೆದುಕೊಂಡದ್ದು:

"ಇದನ್ನು ಓದಿ ಆಗಿದೆ. ರಾತ್ರಿ 9.40. ಪೂರ್ತಿ ಓದಿದೆ."